ಇಬ್ಬರ ನಡುವೆ ಬಿದ್ದ ಕಾಕ್

ಮನೆಯಿಂದ,
ಮಾರ್ಚ್ ೨೩, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯಾ? ಕೆಮ್ಮು ಕಡಿಮೆಯಾಯಿತೇ? ನರ್ಸಿಂಗ್ ಓದುವವಳೇ ಹೀಗೆ ಕೆಮ್ಮುತ್ತಾ ಕೂತರೆ ರೋಗಿಗಳು ಯಾರ ಮುಖ ನೋಡಬೇಕು ಎಂದು ಅಪ್ಪ ದಿನಕ್ಕೊಂದು ಸಲ ಕೇಳುತ್ತಾರೆ. ಬಿಸಿನೀರು ಕುಡಿಯಬೇಕು, ತಲೆ ಒದ್ದೆ ಇಟ್ಟುಕೊಂಡು ಡ್ಯೂಟಿಗೆ ಓಡಬಾರದು, ಇದು ಅಮ್ಮನ ಆಜ್ಞೆ. ಹಾಸ್ಟೆಲ್ ಊಟ ಬಾಯಿಗೆ ಹಿಡಿಸದಿದ್ದರೂ ಮೂಗು ಮುಚ್ಚಿಕೊಂಡು ತಿನ್ನು, ಇದು ನನ್ನದು. ಅಂದ ಹಾಗೆ, ನಿನ್ನ ಕಿಟಕಿಯ ಹಿಂದೆ ಹೊಳೆಗೆ ಸೇತುವೆ ಕಟ್ಟುತ್ತಿದ್ದಾರೆ, ಆ ಗದ್ದಲಕ್ಕೆ ಹಗಲು ಕಣ್ಣು ಮುಚ್ಚಲೂ ಆಗುವುದಿಲ್ಲ ಎಂದು ಹೋದ ಪತ್ರದಲ್ಲಿ ಗೊಣಗಿದ್ದೆಯಲ್ಲ, ಆ ಕೆಲಸ ಇನ್ನೂ ನಡೆಯುತ್ತಿದೆಯೇ? ಹೊಸ ಕೆಲಸಗಾರರು ಯಾರಾದರೂ ಬಂದಿದ್ದಾರೆಯೇ? ಸುಮ್ಮನೆ ಕೇಳಿದೆ.

ಇಲ್ಲಿ ಎಲ್ಲರೂ ಕ್ಷೇಮ. ಅಪ್ಪನ ಮಂಡಿನೋವು ಹಾಗೇ ಇದೆ, ಶಾಲೆಯ ಬಸ್ಸಿನ ಕ್ಲಚ್ಚು ತುಳಿದೂ ತುಳಿದೂ ಬಂದದ್ದು, ಬಸ್ಸು ಮಾರಿದ ಮೇಲೇ ಹೋಗುವುದು ಎನ್ನುತ್ತಾರೆ. ಅಮ್ಮನಿಗೆ ಹೊಸ ವರ್ಷದ ಯೂನಿಫಾರಂ ಹೊಲಿಯುವ ಆರ್ಡರು ಬಂದಿದೆ. ನಾನು ಮಲಗುವ ಮಂಚದ ಅರ್ಧ ಭಾಗ ಈಗ ನೀಲಿ ಬಟ್ಟೆಯ ಥಾನುಗಳದ್ದು. ನಾವು ಶಟಲ್ ಫೈನಲ್ ಸೋತದ್ದನ್ನು ಅಪ್ಪ ನಿನಗೆ ಬರೆದರಂತೆ. ಅವರ ಪತ್ರಗಳು ನಿನಗೆ ಗೊತ್ತಲ್ಲ, ತಂತಿ ಕಳಿಸಿದ ಹಾಗಿರುತ್ತವೆ. "ಒಂದು ಪಾಯಿಂಟಿನಲ್ಲಿ ಸೋತರು, ಹುಡುಗಿ ಊಟ ಬಿಟ್ಟಿದ್ದಾಳೆ" ಎಂದಷ್ಟೇ ಬರೆದಿರುತ್ತಾರೆ. ಸೋತಿದ್ದಕ್ಕೆ ಊಟ ಬಿಡುವಷ್ಟು ಹೆಡ್ಡಿ ನಾನಲ್ಲ ಅಕ್ಕಾ. ನಡೆದದ್ದೇ ಬೇರೆ. ಅದನ್ನು ಹೇಳದಿದ್ದರೆ ನನ್ನ ಎದೆ ಒಡೆದುಹೋಗುತ್ತದೆ, ಹೇಳಲು ನಿನ್ನ ಬಿಟ್ಟರೆ ನನಗೆ ಯಾರೂ ಇಲ್ಲ. ಆದರೆ ನಗಕೂಡದು. ನಕ್ಕರೆ ಇದೇ ಕೊನೆಯ ಪತ್ರ.

ನನ್ನ ಜೊತೆ ಶಟಲ್ ಡಬಲ್ಸ್ ಆಡುತ್ತಿದ್ದವನನ್ನು ನೀನು ನೋಡಿದ್ದೀಯ, ಹಲ್ಲಿನ ಡಾಕ್ಟರ ಮಗ, ಎಷ್ಟು ಬೆವರಿದರೂ ಕ್ರಾಪು ಕೆಡದ ಹುಡುಗ. ಅವನು ಸೈಕಲ್ಲಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡ. ಮಾರನೇ ದಿನ ಪಿ.ಟಿ. ಸರ್ ಯಾರನ್ನು ಕರೆತಂದರು ಗೊತ್ತೇ? ಹೊಸದಾಗಿ ಸೇರಿದ್ದ ಒಬ್ಬ ಗುಂಡು ಎಸೆಯುವವನನ್ನು! ಅವರಪ್ಪ ನಮ್ಮ ಊರ ಸೇತುವೆ ಕೆಲಸಕ್ಕೆ ಬಂದ ವೆಲ್ಡರ್. ಹುಡುಗ ಬಾಗಿಲಲ್ಲಿ ನಿಂತರೆ ಆಟದ ಹಾಲಿನೊಳಗೆ ಬೆಳಕು ಕಡಿಮೆಯಾಗುತ್ತಿತ್ತು. ತರಗತಿಯಲ್ಲಿ ಎಲ್ಲರೂ ಅವನನ್ನು ಲಾರಿ ಎಂದೇ ಕರೆಯುತ್ತಿದ್ದರು. "ಇವ್ನೇ ನಿನ್ ಜೋಡಿ, ರಗಳೆ ಮಾಡ್ಬೇಡ" ಎಂದು ಸರ್ ನನ್ನ ಮುಖವನ್ನೂ ನೋಡದೆ ಹೇಳಿಬಿಟ್ಟರು. ಅವನ ಮೊದಲ ಹೊಡೆತಕ್ಕೇ ರ‍್ಯಾಕೆಟ್ಟಿನ ತಂತಿ ಪಟ್ಟನೆ ಹರಿಯಿತು, ಕಾಕ್ ಹೋಗಿ ಸೂರಿನ ಕಬ್ಬಿಣದ ಮೇಲೆ ಕೂತಿತು. ಅದು ಇನ್ನೂ ಅಲ್ಲೇ ಇದೆ. ನಾನು ಸಿಟ್ಟಿಗೆ ಅಲ್ಲೇ ಅತ್ತುಬಿಟ್ಟೆ. ಅವನು ಹತ್ತಿರ ಬಂದು, ತಂತಿ ಹರಿದ ರ‍್ಯಾಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಇದು ಇಷ್ಟು ಹಗುರ ಇರುತ್ತೆ ಅಂತ ಗೊತ್ತಿರ್ಲಿಲ್ಲ" ಎಂದ. ಅತ್ತವಳಿಗೆ ನಗು ಬಂತು. ಅದನ್ನು ತಡೆಯಲು ಇನ್ನೂ ಜೋರಾಗಿ ಅತ್ತೆ.

ಆಡುತ್ತಾ ಆಡುತ್ತಾ ಕಲಿತ. ಆದರೆ ನಮ್ಮ ಆಟವನ್ನು ನೀನು ನೋಡಬೇಕಿತ್ತು! ಇಬ್ಬರ ನಡುವೆ ಕಾಕ್ ಬಂದರೆ ಒಬ್ಬರು "ನಂದು" ಎಂದು ಕೂಗಬೇಕು, ಇನ್ನೊಬ್ಬರು ಬಿಡಬೇಕು, ಅಲ್ಲವೇ? ನಾವು ಇಬ್ಬರೂ ಕೂಗುತ್ತಿದ್ದೆವು, ಇಬ್ಬರೂ ನುಗ್ಗುತ್ತಿದ್ದೆವು. ಬಿಡುವ ಪ್ರಶ್ನೆಯೇ ಇಲ್ಲ. ರ‍್ಯಾಕೆಟ್ಟಿಗೆ ರ‍್ಯಾಕೆಟ್ ತಾಗಿ ಬಣ್ಣ ಹಾರುತ್ತಿತ್ತು. ಅವನ ಮೊಣಕೈ ನನ್ನ ಕಿವಿಗೆ, ನನ್ನ ರ‍್ಯಾಕೆಟ್ ಅವನ ಹೆಬ್ಬೆರಳಿಗೆ. "ಕಿವಿ ಹತ್ರ ಯಾವಾಗ್ಲೂ ಗುಂಯ್ ಅಂತಿರ್ತೀಯಲ್ಲ, ಸೊಳ್ಳೆ ಕಣೇ ನೀನು" ಎಂದು ನನಗೆ ಹೆಸರಿಟ್ಟ. ನಮ್ಮ ಗಲಾಟೆಗೆ ಎದುರಿನವರು ಬೆಪ್ಪಾಗಿ ನಿಲ್ಲುತ್ತಿದ್ದರು. ಮೊದಲ ಪಂದ್ಯ ಗೆದ್ದೆವು, ಎರಡನೆಯದೂ ಗೆದ್ದೆವು. ಪಿ.ಟಿ. ಸರ್ ತಲೆ ಮೇಲೆ ಕೈ ಹೊತ್ತು ಕೂತಿದ್ದವರು ಎದ್ದು ಚಪ್ಪಾಳೆ ತಟ್ಟಿದರು.

ಆಮೇಲೆ ಶರ್ಟಿನ ಸಮಸ್ಯೆ. ಶಾಲೆಯ ಟೀಮ್ ಶರ್ಟ್ ಯಾವುದೂ ಅವನ ಹೆಗಲು ದಾಟಲಿಲ್ಲ. ಮನೆಗೆ ಕರೆತಂದೆ. ಅಮ್ಮ ಸ್ಟೂಲು ಹತ್ತಿ ಅಳತೆ ತೆಗೆದು, "ಏನೋ ಮಗನೇ, ನಿಂಗೆ ಶರ್ಟ್ ಹೊಲೀಲಾ, ಕಿಟಕಿ ಪರದೆ ಹೊಲೀಲಾ?" ಎಂದಳು. ಬಟ್ಟೆಯ ಅಗಲ ಸಾಲದೆ ಬೆನ್ನಿಗೆ ಎರಡು ತುಂಡು ಜೋಡಿಸಿ, ನಡುವೆ ಹೊಲಿಗೆ ಹಾಕಿ, ಮೇಲೆ ಶಾಲೆಯ ಹೆಸರಿನ ಪಟ್ಟಿ ಹೊಲಿದಳು. ಅವನಿಗೆ ಅದೆಷ್ಟು ಸಂತೋಷವೋ! ಅಳತೆ ತೆಗೆದು ಹೊಲಿದ ಬಟ್ಟೆ ಅವನು ಅದೇ ಮೊದಲು ಹಾಕಿದ್ದಂತೆ. ಕನ್ನಡಿಗೆ ಬೆನ್ನು ತಿರುಗಿಸಿ ಕತ್ತು ಉಳುಕುವವರೆಗೆ ನೋಡಿಕೊಂಡ.

ಸೆಮಿಫೈನಲ್ ಗೆದ್ದ ದಿನ ಹಾಲಿನ ವೇದಿಕೆಯ ಮೆಟ್ಟಿಲ ಮೇಲೆ ಕೂತು ರ‍್ಯಾಕೆಟ್ ಹಿಡಿಗೆ ಟೇಪು ಸುತ್ತುತ್ತಾ ಅವನು ತನ್ನ ವಿಷಯ ಹೇಳಿದ. ಸೇತುವೆ ಮುಗಿಯುತ್ತಾ ಬಂತು, ಮುಗಿದರೆ ಅವರಪ್ಪ ಮುಂದಿನ ಕೆಲಸಕ್ಕೆ ಹೊರಡುತ್ತಾರೆ, ಮನೆಮಂದಿಯೆಲ್ಲ ಹೋಗಲೇಬೇಕು. ಚಿಕ್ಕಂದಿನಿಂದ ಹೀಗೇ ಅಂತೆ. ಯಾವ ಶಾಲೆಯಲ್ಲೂ ಒಂದು ವರ್ಷ ಪೂರ್ತಿ ಕೂತದ್ದಿಲ್ಲ. ಆದರೆ ಫೈನಲ್ ಗೆದ್ದ ಜೋಡಿಗೆ ನಮ್ಮ ಮೈದಾನದ ಆಚೆಗಿರುವ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು ಸಿಗುತ್ತದಲ್ಲ, ಊಟ, ವಸತಿ, ಓದು ಎಲ್ಲ ಪುಕ್ಕಟೆ, ಅದು ಸಿಕ್ಕರೆ ಅವನೊಬ್ಬ ಇಲ್ಲೇ ಉಳಿಯಬಹುದಿತ್ತು. ಅವರಪ್ಪನೂ ಒಪ್ಪಿದ್ದರು. ಹೋಗಿ ಹಾಸ್ಟೆಲಿನ ಕಿಟಕಿಯಿಂದ ಇಣುಕಿ, ಮೂಲೆಯ ಮಂಚವೊಂದನ್ನು ತನಗೆಂದು ನೋಡಿಟ್ಟೂ ಬಂದಿದ್ದ. "ಒಂದೇ ಬೆಂಚಲ್ಲಿ ಎರಡು ವರ್ಷ ಕೂತ್ರೆ ಹೇಗಿರುತ್ತೆ ಅಂತ ಒಂದ್ಸಲ ನೋಡ್ಬೇಕು" ಎಂದ. ಗೆದ್ದೇ ಗೆಲ್ಲೋಣ, ಸುಮ್ಮನಿರೋ ಎಂದು ಗದರಿದೆ.

ಇನ್ನು ನೀನು ನಗುವ ಭಾಗ. ಅವನು ನನ್ನನ್ನು ಸೇತುವೆ ತೋರಿಸಲು ಕರೆದುಕೊಂಡು ಹೋದ. ಇನ್ನೂ ಜನಕ್ಕೆ ಬಿಟ್ಟಿರಲಿಲ್ಲ, ಅವರಪ್ಪ ಕಾವಲಿನವನಿಗೆ ಹೇಳಿ ಬಿಡಿಸಿದರು. ಕಂಬಿಗಳನ್ನು ಬೆಸೆದ ಗೆರೆಗಳನ್ನು ಒಂದೊಂದಾಗಿ ಮುಟ್ಟಿ, ಇದು ನಮ್ಮಪ್ಪಂದು, ಇದು ಅಲ್ಲ, ಇದು ನಮ್ಮಪ್ಪಂದು ಎಂದು ತೋರಿಸಿದ. ತನ್ನ ಬೆನ್ನ ಮೇಲಿನ ಹೊಲಿಗೆ ನೆನಪಾಗಿ, "ನಿಮ್ಮಮ್ಮಂದೂ ನಮ್ಮಪ್ಪಂದೂ ಒಂದೇ ಕೆಲ್ಸ ನೋಡು" ಎಂದ. ಆಗ ಅವನ ಹೆಬ್ಬೆರಳು ಕಂಡಿತು. ನಾನು ಹೊಡೆದಿದ್ದ ಬೆರಳು, ಉಗುರು ಪೂರ್ತಿ ಕಪ್ಪಾಗಿತ್ತು. ಅಯ್ಯೋ, ಹೇಳ್ಬಾರ್ದಾ ಎಂದು ನೋಡಲು ಕೈ ಹಿಡಿದುಕೊಂಡೆ. ನೋಡಿ ಮುಗಿಯಿತು, ಕೈ ಬಿಡಲು ಮರೆತೆ. ಅವನೂ ಕೇಳಲಿಲ್ಲ. ಸೇತುವೆಯ ಆಚೆ ತುದಿಯವರೆಗೆ ಹಾಗೇ ನಡೆದೆವು. ಇಬ್ಬರಿಗೂ ಗೊತ್ತಾಗಿತ್ತು. ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ ಅಕ್ಕಾ. ಪ್ರೀತಿ ಗೀತಿ ಎಲ್ಲ ಮಾಡಲು ಕೆಲಸವಿಲ್ಲದವರಿಗೆ ಎಂದು ನಿನ್ನೆದುರು ದೊಡ್ಡದಾಗಿ ಭಾಷಣ ಬಿಗಿದವಳು ನಾನೇ. ಈಗ ಬೇಕಾದಷ್ಟು ಆಡಿಕೋ.

ಅಲ್ಲಿಂದಲೇ ನಮ್ಮ ಆಟ ಕೆಟ್ಟಿದ್ದು. ಮಾರನೇ ದಿನದಿಂದ ರ‍್ಯಾಕೆಟ್ಟುಗಳು ತಾಗುವುದು ನಿಂತಿತು. ನಡುವೆ ಕಾಕ್ ಬಂದರೆ ಅವನಿಗೆ ಎಲ್ಲಿ ಪೆಟ್ಟಾಗುವುದೋ ಎಂದು ನಾನು ಹಿಂದೆ ಸರಿಯುತ್ತಿದ್ದೆ, ನನಗೆ ಎಲ್ಲಿ ತಾಗುವುದೋ ಎಂದು ಅವನು. "ನಂದು" ಹೋಗಿ "ನಿಂದು" ಬಂತು. ಅದೂ ಎಂಥಾ ಮೆತ್ತಗಿನ "ನಿಂದು" ಅಂತೀಯಾ! ಮದುವೆ ಮನೆಯಲ್ಲಿ ನೀವು ಮೊದಲು ಕೂತ್ಕೊಳ್ಳಿ, ಇಲ್ಲ ನೀವು ಕೂತ್ಕೊಳ್ಳಿ ಎಂದು ಉಪಚಾರ ಮಾಡುತ್ತಾರಲ್ಲ, ಹಾಗೆ. ಪಿ.ಟಿ. ಸರ್ ಕಣ್ಣು ಕಿರಿದು ಮಾಡಿ ನೋಡಿದರು. "ನೀವಿಬ್ರೂ ಕಚ್ಚಾಡ್ತಿದ್ದಾಗ್ಲೇ ಚೆನ್ನಾಗಿತ್ತು, ಇದೇನು ಹೊಸ ನಾಟಕ?" ಎಂದರು. ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. ನಮಗೆ ಯಾರ ಮಾತೂ ಕೇಳಿಸುತ್ತಿರಲಿಲ್ಲ.

ಫೈನಲ್ ಹಾಸ್ಟೆಲಿನ ಹಾಲಿನಲ್ಲೇ ನಡೆಯಿತು. ಎದುರಿಗೆ ಒಂದು ಅಣ್ಣ-ತಂಗಿ ಜೋಡಿ, ಕೈಯಲ್ಲಿ ಅಷ್ಟೇನೂ ಬಲವಿಲ್ಲ, ಆದರೆ ತಪ್ಪು ಮಾಡುವವರಲ್ಲ. ಒಂದು ಗೇಮ್ ಅವರದು, ಒಂದು ನಮ್ಮದು. ಮೂರನೆಯದರಲ್ಲಿ ಸಮಸಮ ಹೋಗಿ ಕೊನೆಗೆ ಒಂದೇ ಪಾಯಿಂಟ್ ಉಳಿಯಿತು, ಅದು ಯಾರಿಗೋ ಫೈನಲ್ ಅವರಿಗೆ. ಆ ತಂಗಿ ಕಾಕನ್ನು ಎತ್ತಿ ಹಾಕಿದಳು, ಎತ್ತರಕ್ಕೆ, ಸಪ್ಪೆಯಾಗಿ. ಆ ಹೊಡೆತವನ್ನು ನಮ್ಮ ಅಮ್ಮನೂ ಹಿಂದಕ್ಕೆ ಕಳಿಸುತ್ತಿದ್ದಳು. ಸರಿಯಾಗಿ ನಮ್ಮಿಬ್ಬರ ನಡುವೆ ಬಂತು. ನಾನು ಅವನ ಕಡೆ ನೋಡಿದೆ. ಅವನು ನನ್ನ ಕಡೆ ನೋಡುತ್ತಿದ್ದ. ಇಬ್ಬರೂ ಒಟ್ಟಿಗೆ "ನಿಂದು" ಎಂದೆವು. ಕಾಕ್ ಸದ್ದಿಲ್ಲದೆ ನೆಲಕ್ಕೆ ಬಿತ್ತು, ನನ್ನ ಎಡಗಾಲಿಗೂ ಅವನ ಬಲಗಾಲಿಗೂ ನಡುವೆ.

ಆ ಕಡೆಯವರು ಕುಣಿಯುತ್ತಿದ್ದರು. ಪಿ.ಟಿ. ಸರ್ ಓಡಿ ಬಂದು, "ಯಾರ‍್ದದು? ಹೇಳ್ರೋ, ಯಾರ‍್ದದು?" ಎಂದು ಕೇಳಿದರು. ಇಬ್ಬರೂ ಒಟ್ಟಿಗೆ "ನಂದು" ಎಂದೆವು. ಸರ್ ನಮ್ಮಿಬ್ಬರ ಮುಖ ನೋಡಿದರು. ಆಮೇಲೆ ಟವೆಲ್ ಕೊಟ್ಟು ಹೋದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಹೊರಡುವ ಹಿಂದಿನ ದಿನ ಅವನು ಮನೆ ಮುಂದಿನ ಅಮ್ಮನ ಹೊಲಿಗೆ ಅಂಗಡಿಗೆ ಬಂದ. ಶರ್ಟನ್ನು ಒಗೆದು, ಇಸ್ತ್ರಿ ಮಾಡಿ, ಪೇಪರಿನಲ್ಲಿ ಸುತ್ತಿ ತಂದಿದ್ದ. ಇದು ನಿಂದೇ ಕಣೋ, ಇಟ್ಕೋ ಎಂದು ಅಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. ಬೆನ್ನ ಮೇಲೆ ಶಾಲೆ ಹೆಸರಿದೆ, ನಾನೀಗ ಆ ಶಾಲೆಯವನಲ್ವಲ್ಲ ಅಮ್ಮಾ ಎಂದ. ನಾನು ಒಳಗಿನ ಬಾಗಿಲಲ್ಲಿ ನಿಂತಿದ್ದೆ. ಇಷ್ಟು ದಿನ ಗಂಟಲು ಕಿತ್ತುಹೋಗುವಂತೆ ಅರಚಿದ ಈ ಬಾಯಿಗೆ ಆಗ ಬಂದ ಮಾತು ಏನು ಗೊತ್ತೇ? "ಗುಂಡಿ ಎಲ್ಲಾ ಸರಿ ಇದ್ಯಾ?" ಅಷ್ಟೇ! ಅವನು ಪಾಪ, ಹೌದು ಎಂದು ತಲೆ ಆಡಿಸಿ, ಹೆಬ್ಬೆರಳನ್ನು ಎತ್ತಿ ತೋರಿಸಿದ, ಕಪ್ಪು ಉಗುರಿನ ಬುಡದಲ್ಲಿ ಹೊಸದು ಬರುತ್ತಿತ್ತು. ನಕ್ಕು ಹೊರಟುಹೋದ. ಹೋಗಬೇಡ ಎನ್ನಬೇಕಿತ್ತು. ಅಂದರೂ ಅವನು ಇರುವಂತಿರಲಿಲ್ಲ, ಆದರೂ ಅನ್ನಬೇಕಿತ್ತು. ಮಾರನೇ ಬೆಳಿಗ್ಗೆ ನನಗೆ ಗಣಿತದ ಪರೀಕ್ಷೆ. ಸೇತುವೆ ಕೆಲಸದವರ ಲಾರಿಗಳು ಶಾಲೆಯ ಮುಂದೆ ಒಂದರ ಹಿಂದೆ ಒಂದು ಹಾದುಹೋದವು. ಎದ್ದು ಕಿಟಕಿಗೆ ಓಡುವ ಹಾಗಿಲ್ಲ. ತಲೆ ತಗ್ಗಿಸಿಕೊಂಡು ಏನೋ ಬರೆದೆ. ಗಣಿತದಲ್ಲಿ ಮಾರ್ಕ್ಸ್ ಕಡಿಮೆ ಬಂದರೆ ಅಪ್ಪನಿಗೆ ಸಮಾಧಾನ ಹೇಳುವ ಕೆಲಸ ನಿನ್ನದು.

ಈಗ ಸೇತುವೆ ತೆರೆದಿದ್ದಾರೆ. ಹತ್ತು ನಿಮಿಷ ಉಳಿಯಿತು ಎಂದು ಅಪ್ಪ ಬಸ್ಸನ್ನು ಅದರ ಮೇಲೇ ಓಡಿಸುತ್ತಾರೆ, ಊರಿಗೆಲ್ಲ ಖುಷಿ. ನನಗೆ ಆ ಕಂಬಿಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಆದರೂ ಸಂಜೆ ನಡೆದುಕೊಂಡು ಹೋಗಿ, ಇದು ಅವರಪ್ಪಂದು, ಇದು ಅಲ್ಲ ಎಂದು ಮುಟ್ಟಿಕೊಂಡು ಬರುತ್ತೇನೆ. ಹಲ್ಲಿನ ಡಾಕ್ಟರ ಮಗನ ಕೈ ವಾಸಿಯಾಗಿದೆ, ಮತ್ತೆ ಅವನ ಜೊತೆ ಆಡುತ್ತಿದ್ದೇನೆ. ನಾನು "ನಂದು" ಎಂದ ಕೂಡಲೇ ಅವನು ಶಿಸ್ತಾಗಿ ಬಿಟ್ಟುಕೊಡುತ್ತಾನೆ. ಒಳ್ಳೆಯ ಹುಡುಗ. ನನಗೆ ಅವನನ್ನು ಕಂಡರೆ ಅಳು ಬರುತ್ತದೆ, ಪಾಪ ಅವನದೇನೂ ತಪ್ಪಿಲ್ಲ.

ನಿನ್ನ ಜೊತೆಯವರಿಗೆ ನನ್ನ ನಮಸ್ಕಾರ ಹೇಳು. ಮೈ ಹುಷಾರು. ಅಪ್ಪ ಅಮ್ಮನ ಆಶೀರ್ವಾದ ಈ ಪತ್ರದೊಳಗೆ ಸೇರಿದೆ ಎಂದುಕೋ, ಅವರಿಗೆ ಇದನ್ನು ಓದಲು ಕೊಟ್ಟಿಲ್ಲ.

ನಿನ್ನ ಮುದ್ದಿನ,
ತಂಗಿ

ತಾ.ಕ.: ಸುಮ್ಮನೆ ಕೇಳಿದೆ ಎಂದು ಮೇಲೆ ಬರೆದದ್ದು ಸುಳ್ಳು. ಅವರ ಮುಂದಿನ ಸೇತುವೆ ಎಲ್ಲಿ ಎಂದು ಅವರಿಗೇ ಸರಿಯಾಗಿ ಗೊತ್ತಿರಲಿಲ್ಲ, ನಿಮ್ಮ ಕಡೆ ಎಲ್ಲೋ ಎಂದಷ್ಟೇ ಅವರಪ್ಪ ಹೇಳಿದ್ದರಂತೆ. ನಿನ್ನ ಕಿಟಕಿಯ ಹಿಂದಿನದು ಅದಲ್ಲದಿರಬಹುದು, ಆದರೂ ಒಂದು ಸಲ ಇಳಿದು ಹೋಗಿ ನೋಡು, ನಿನ್ನ ಕಾಲಿಗೆ ಬೀಳುತ್ತೇನೆ. ಇದರ ಜೊತೆಗಿರುವ ಪೊಟ್ಟಣದಲ್ಲಿ ಶರ್ಟ್ ಇದೆ. ಶಾಲೆಯ ಹೆಸರಿನ ಪಟ್ಟಿಯನ್ನು ಅಮ್ಮ ಬಿಚ್ಚಿದ್ದಾಳೆ, ನಾನು ಕೇಳದೆಯೇ. ಈಗ ಅದು ಅವನದೇ. ವೆಲ್ಡರ್ ಮಗ, ಬಾಗಿಲಲ್ಲಿ ನಿಂತರೆ ಬೆಳಕು ಕಡಿಮೆಯಾಗುವವನು, ಸೊಳ್ಳೆ ಕಳಿಸಿದ್ದು ಎಂದರೆ ಅವನಿಗೆ ಗೊತ್ತಾಗುತ್ತದೆ. ಆ ಕಾಕ್ ನಂದು ಎಂದು ಹೇಳಿಬಿಡು. ಅಲ್ಲ, ನಂದು ಎಂದು ಅವನು ವಾದಕ್ಕೆ ನಿಂತರೆ, ಇಲ್ಲಿಗೇ ಬಂದು ನನ್ನ ಹತ್ತಿರ ಜಗಳ ಆಡಲಿ ಎನ್ನು.