‘ನನಗೂ ಎಲಿ ಹಾಕ್ರಿ’ ಅಂದದ್ದಕ್ಕೆ

ಹರಪನಹಳ್ಳಿ, 12-5-1978

ಗುಡೇಕೋಟೆಯ ಅಕ್ಕ ಜೋಗಮ್ಮನಿಗೆ ತಮ್ಮ ಪಕ್ಕೀರಪ್ಪನ ನಮಸ್ಕಾರ.

ಇನ್ನು ಇಸ್ಪೀಟೇ ನನ್ನ ಕಸುಬು ಅಂತ ಕಂಡಕ್ಟರ್ ಕೆಲಸಕ್ಕೆ ರಾಜೀನಾಮೆ ಕೊಟ್ಟು ಇಲ್ಲಿಗೆ ಬಂದು ಎಂಟು ದಿನವಾಯಿತು. ಇಲ್ಲಿಯ ಇಸ್ಪೀಟು ಕ್ಲಬ್ಬನ್ನು ನೀನು ನೋಡಬೇಕು. ಫ್ಯಾನ್ ಇದ್ದರೂ ಹಾಕುವುದಿಲ್ಲ, ಇಸ್ಪೀಟಿನ ಎಲೆಗಳು ಹಾರುತ್ತವಂತೆ. ದೊಡ್ಡ ದೊಡ್ಡ ಸಾವಕಾರರು ಅಂಗಿ ಕಳಚಿ ಬೆವರುತ್ತಾ ಕೂತಿರುತ್ತಾರೆ.

ಮೊದಲು ರಜೆಯ ದಿನ ಬಂದರೆ ಹತ್ತಿ ದಲಾಲಿ ಗುರುಸಂಗಪ್ಪ ‘ಬರ್ರಿ ಕಂಡಕ್ಟ್ರೇ’ ಅಂತ ಸರಿದು ಜಾಗ ಕೊಡುತ್ತಿದ್ದ. ಈಗ ನೌಕರಿ ಬಿಟ್ಟೆ ಅಂತ ನಾನೇ ಹೆಮ್ಮೆಯಿಂದ ಹೇಳಿಬಿಟ್ಟೆ. ‘ನನಗೂ ಎಲಿ ಹಾಕ್ರಿ’ ಅಂದೆ. ಅವನು ವೀಳ್ಯದೆಲೆಯ ತಟ್ಟೆಯನ್ನು ನನ್ನ ಕಡೆ ತಳ್ಳಿ, ‘ತಗೋಳಲೇ, ಪಗಾರ ಇಲ್ಲದವನಿಗೆ ಇಲ್ಲಿ ಇದೊಂದ ಎಲಿ’ ಅಂದ. ಕೂತವರೆಲ್ಲ ನಕ್ಕರು. ನಾನೂ ನಕ್ಕೆ.

ಮೈ ಹುಷಾರಾಗಿದೆ. ನನ್ನ ಖಾಕಿ ಅಂಗಿ ಭಾವನಿಗೆ ಕೊಡು ಅಂದಿದ್ದೆನಲ್ಲ, ಕೊಡಬೇಡ. ಇಸ್ತ್ರಿ ಮಾಡಿಸಿ ಡ್ರೈವರ್ ಓಬಣ್ಣನ ಕೈಯಲ್ಲಿ ಕಳಿಸು. ಕೆಲಸಕ್ಕೆ ಮತ್ತೆ ಸೇರಿಸಿಕೊಂಡರು ಅಂತ ತಿಳಿಯಬೇಡ. ಅದನ್ನು ಹಾಕಿಕೊಂಡು ಕೊಟ್ಟೂರಿನ ಕ್ಲಬ್ಬಿಗೆ ಹೋಗುತ್ತೇನೆ. ನಾನು ಕೆಲಸ ಬಿಟ್ಟದ್ದು ಅಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ.

ಕಾರ್ಡಿನಲ್ಲಿ ಜಾಗ ಮುಗಿಯಿತು.
ಪಕ್ಕೀರ