ಗಣೇಶ, ಆ ಮೂಗರ್ಜಿಯ ವಿಷಯ

ಗಣೇಶ,

ನಿನ್ನೆ ಕುಲಪತಿ ಹುದ್ದೆಯಿಂದ ಇಳಿದೆ. ಇಂದು ನಾರಾಯಣಪೇಟೆಗೆ ಹೋಗಿ ನಿಮ್ಮಮ್ಮ ಸುಗುಣಮ್ಮನವರನ್ನು ಕಂಡೆ. ನೀನು ತೀರಿಹೋದ ಮೇಲೆ ಇದೇ ಮೊದಲು.

ನಾನು ಕುಲಪತಿಯಾಗುವ ಮುಂಚೆ ನನ್ನ ಮೇಲೆ ಒಂದು ಮೂಗರ್ಜಿ ಬಂದಿತ್ತಲ್ಲ: ಕಾಲಿನ ಶ್ರಮ ತಗ್ಗಿಸುವ ಮಗ್ಗದ ಸಾಧನಕ್ಕೆ ಡಾಕ್ಟರೇಟ್ ಪಡೆದವರು ವಾದೀಂದ್ರರಾಯರು, ಅದನ್ನು ಮಾಡಿದವಳು ನೇಕಾರ ಹೆಂಗಸು ಎಂದು. ಆ ಹೆಂಗಸು ನಿಮ್ಮಮ್ಮ. ಅಕ್ಷರ ಬಾರದ ಅವರನ್ನು ಬಿಟ್ಟರೆ ಅದು ಗೊತ್ತಿದ್ದದ್ದು ನಿನಗೆ ಮಾತ್ರ. ಕುರ್ಚಿ ಸಿಕ್ಕ ವಾರವೇ ನಿನ್ನನ್ನು ವಿಶ್ವವಿದ್ಯಾಲಯದಿಂದ ಗದ್ವಾಲದ ಕಾಲೇಜಿಗೆ ಎತ್ತಿಹಾಕಿದೆ. ಏಕೆ ಎಂದು ನೀನು ಕೇಳಲಿಲ್ಲ. ಅರ್ಜಿ ಬರೆದವನು ನೀನೇ ಎಂಬ ನನ್ನ ಅನುಮಾನ ಗಟ್ಟಿಯಾಯಿತು.

"ಆ ಅರ್ಜಿ ನಾ ಬರೆಸಿದ್ದೆನ್ರಿ," ಎಂದರು ಅಮ್ಮ, ಮಗ್ಗದಿಂದ ಏಳದೆ. "ಗಣೇಶಗ ಆಮ್ಯಾಲ ಗೊತ್ತಾತು. ನನ್ನ ಹೆಸರು ಹೊರಗ ಬರಬಾರ್ದಂತ ಬಾಯಿ ಮುಚ್ಚಿಕೊಂಡು ಹೋದ."

ಸತ್ತ ಮಗನ ಮರ್ಯಾದೆ ಉಳಿಸಲು ಹೀಗೆನ್ನುತ್ತಿದ್ದಾರೇನೋ ಎಂದು ಅವರ ಮುಖವನ್ನೇ ನೋಡಿದೆ.

"ನಂಬಿಕಿ ಬರವಲ್ದೇನ್ರಿ?"

"ಬಂತಮ್ಮ," ಎಂದೆ.

ಆ ಸಾಧನ ನಿಮ್ಮದೇ ಎಂದು ನಾನು ಆಗಲಾದರೂ ಅವರಿಗೆ ಹೇಳಬಹುದಿತ್ತು. ಚಹಾ ಕುಡಿದು ಎದ್ದೆ. ವಾಪಸು ದಾರಿಯಲ್ಲಿ ಮಕ್ತಲ್ ಊರು ದಾಟುವವರೆಗೂ, ನಾನು ಕುರ್ಚಿಯಲ್ಲಿದ್ದಷ್ಟು ವರ್ಷ ಸುಮ್ಮನಿದ್ದವರು ಇಂದೇ ಏಕೆ ಹೇಳಿದರು ಎಂದು ಯೋಚಿಸುತ್ತಿದ್ದೆ.

ವಾದೀಂದ್ರ