ಸೇಬಿನ ಪಕ್ಕದಲ್ಲಿದ್ದ ಗಡ್ಡೆಗಳು

ಬೀಗಿತ್ತಿಯವರಿಗೆ ನಮಸ್ಕಾರಗಳು.

ನಿಮ್ಮ ಟುಲಿಪ್ ಗಡ್ಡೆಗಳಿಗೆ ಏನಾಯಿತೆಂಬುದನ್ನು ನಾನೇ ತಿಳಿಸುವುದು ಮರ್ಯಾದೆ. ತಪ್ಪು ಮಾಡಿದವಳು ನಾನು. ಅವುಗಳನ್ನು ಉಳಿಸಿದವಳೂ ನಾನೇ. ಪೂರ್ತಿ ಓದಿದ ಮೇಲೆ ಬೈಯಿರಿ.

ಹಿಮ ಬೀಳದ ಈ ಪಶ್ಚಿಮ ಕರಾವಳಿಯ ನೆವಾರ್ಕಿಗೆ ನೀವು ಬಂದ ಮೊದಲ ವರ್ಷ ನೆನಪಿದೆಯೇ? ನಿಮಗೆ ಅದು ಮಗಳ ಮನೆ, ನನಗೆ ಮಗನ ಮನೆ. ಅಡುಗೆಮನೆ ನನ್ನದು, ಹಿತ್ತಲು ನಿಮ್ಮದು ಎಂದು ಯಾರೂ ಬಾಯಿಬಿಟ್ಟು ಹೇಳದೆಯೇ ಪಾಲಾಗಿತ್ತು. ಯಾರ ಪಾಲಿಗೂ ಸೇರದೆ ಉಳಿದದ್ದು ಗರಾಜಿನ ಹಳೆಯ ಫ್ರಿಜ್ ಒಂದೇ. ಆ ಅಕ್ಟೋಬರಿನಲ್ಲಿ ನೀವು ಕಾಗದದ ಚೀಲವೊಂದನ್ನು ಅದರೊಳಗಿಟ್ಟು, ನನ್ನ ಸೇಬುಗಳನ್ನೆಲ್ಲ ಹೊರಗೆ ತೆಗೆದಿರಿಸಿದಿರಿ.

“ಗಡ್ಡೆಗೆ ಫ್ರಿಜ್ಜಿನಲ್ಲೇನು ಕೆಲಸ?” ಎಂದು ಕೇಳಿದೆ.

“ಇವಕ್ಕೆ ಹತ್ತು ವಾರ ಚಳಿ ಬೇಕು ಕಣ್ರೀ. ಈ ಊರಿನ ಚಳಿಗೆ ನಾನೇ ಸ್ವೆಟರ್ ಹಾಕಲ್ಲ, ಇವೆಲ್ಲಿ ನಡುಗ್ತವೆ?”

“ಸೇಬು ಏನು ಮಾಡಿತ್ತು?”

“ಹಣ್ಣಾಗ್ತಾ ಅದು ಒಂಥರಾ ಗಾಳಿ ಬಿಡುತ್ತೆ. ಅದು ತಾಗಿದ್ರೆ ಗಡ್ಡೆ ಒಳಗಿನ ಮೊಗ್ಗು ಸತ್ತುಹೋಗುತ್ತೆ.”

“ಸೇಬಿಗೂ ಗಡ್ಡೆಗೂ ಜಗಳವೇ?”

“ಯಾಕೆ? ಬೀಗಿತ್ತಿಯರು ಒಂದೇ ಮನೇಲಿದ್ರೆ ಆಗಲ್ವಾ?”

ನಕ್ಕೆನಾದರೂ ನಂಬಲಿಲ್ಲ. ಫ್ರಿಜ್ಜನ್ನು ವಶಪಡಿಸಿಕೊಳ್ಳಲು ನೀವು ಹೂಡಿದ ಉಪಾಯವೆಂದೇ ಎಣಿಸಿದೆ. ಮುಂದೆ ಪ್ರತಿ ವರ್ಷವೂ ಅದೇ ವಾದ, ಅದೇ ನಗು.

ಕಳೆದ ಅಕ್ಟೋಬರಿನಲ್ಲಿ ನೀವು ಹೊಸ ಚೀಲವನ್ನಿಟ್ಟು, ಅದರ ಮೇಲೆ ಸೀಸದ ಕಡ್ಡಿಯಿಂದ ‘ಡಿಸೆಂಬರ್ ಕೊನೆಯ ವಾರ’ ಎಂದು ಬರೆದಿರಿ. ನವೆಂಬರ್ ಕಾಲಿಟ್ಟ ಕೂಡಲೇ ನೀವು… ಅದನ್ನು ನಿಮಗೇ ಹೇಳುವುದೇನಿದೆ?

ನಿಮ್ಮ ವೈಕುಂಠ ಸಮಾರಾಧನೆಗೆ ಮೂರು ದಿನ ಮೊದಲೇ ಹಣ್ಣುಗಳು ಬಂದವು. ಒಳಗಿನ ಫ್ರಿಜ್ಜಿನಲ್ಲಿ ಜಾಗವಿರಲಿಲ್ಲ. ಸೇಬಿನ ಎರಡು ಚೀಲಗಳನ್ನು ನಾನೇ, ನನ್ನ ಕೈಯಾರೆ, ಗರಾಜಿಗೆ ಒಯ್ದು ನಿಮ್ಮ ಗಡ್ಡೆಗಳಿಗೆ ಒತ್ತಿ ಇಟ್ಟೆ. ನಿಮ್ಮ ಮಾತು ಆಗ ನೆನಪಾಗಲಿಲ್ಲವೇ ಎಂದು ಕೇಳುವಿರೇನೋ. ನೆನಪಾಗಿದ್ದರೆ ಇಡುತ್ತಿದ್ದೆನೇ? ಊಟ ಮುಗಿದು, ನೆಂಟರೆಲ್ಲ ಹೊರಟ ಮೇಲೆ, ಉಳಿದ ಹಣ್ಣನ್ನು ತೆಗೆಯಹೋದಾಗ ನಿಮ್ಮ ಅಕ್ಷರ ಕಣ್ಣಿಗೆ ಬಿತ್ತು. ನಿಮ್ಮ ಮಾತೂ ಆಗಲೇ ನೆನಪಾಯಿತು.

ಅದೇ ಹೊತ್ತಿಗೆ ನಿಮ್ಮ ಮಗಳು ಸುಮಾ ಗುದ್ದಲಿ ಹಿಡಿದು ಬಂದಳು. “ಅತ್ತೆ, ಅಮ್ಮನ ಗಡ್ಡೆ ಕೊಡಿ. ಇವತ್ತೇ ನೆಡ್ತೀನಿ.”

“ಇನ್ನೂ ಐದು ವಾರವಿದೆ ಸುಮಾ. ಈಗ ನೆಟ್ಟರೆ ದಂಟು ಬೆಳೆಯದು, ಹೂವು ನೆಲಕ್ಕೆ ಅಂಟಿಕೊಂಡೇ ಅರಳುತ್ತದೆ. ಎಲ್ಲ ನಿನ್ನ ತಾಯಿ ಹೇಳಿದ್ದೇ.”

“ಅಮ್ಮನೇ ಇಲ್ಲ, ಅಮ್ಮನ ಟೈಮಿಂಗು ಯಾಕತ್ತೆ?”

ನಾನು ಚೀಲದಿಂದ ಒಂದು ಗಡ್ಡೆಯನ್ನು ತೆಗೆದು, ಅಡುಗೆಯ ಚಾಕುವಿನಿಂದ ನಡುವೆ ಸೀಳಿದೆ.

“ಅತ್ತೆ! ಅದು ಅಮ್ಮ ಇಟ್ಟಿದ್ದು!” ಎಂದು ಅವಳು ಚೀರಿದಳು.

ಆಗಲೇ ಹೇಳಿಬಿಟ್ಟೆ: ಸೇಬನ್ನು ನಾನೇ ಇಟ್ಟೆ, ಮೊಗ್ಗು ಬದುಕಿದೆಯೋ ಇಲ್ಲವೋ ನೋಡಲೇಬೇಕಾಯಿತು ಎಂದು. ಅವಳು ಬೈಯಲಿಲ್ಲ, ಹತ್ತಿರ ಬಂದು ಬಗ್ಗಿದಳು. ಬಿಳಿಯ ಪದರಗಳ ನಡುವೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಎಳೆಹಸಿರು ಮೊಗ್ಗು, ಎಲ್ಲಿಯೂ ಕಪ್ಪಾಗದೆ ನೆಟ್ಟಗೆ ನಿಂತಿತ್ತು. ಅಷ್ಟು ಹೊತ್ತೂ ಅಳದಿದ್ದವಳು ಆಗ ಅತ್ತಳು. ಗುದ್ದಲಿಯನ್ನು ಗೋಡೆಗೆ ಒರಗಿಸಿ, ಸೇಬಿನ ಚೀಲಗಳನ್ನು ತಾನೇ ಹೊರಗೆ ಸಾಗಿಸಿದಳು.

ಒಂದು ಗಡ್ಡೆ ನೆಟ್ಟಗಿದ್ದರೆ ಎಲ್ಲವೂ ನೆಟ್ಟಗಿವೆಯೆಂದು ಅರ್ಥವೇ? ಅಲ್ಲ, ನನಗೂ ಗೊತ್ತಿತ್ತು. ಆದರೂ ಕಾಯೋಣವೆಂದೇ ಹೇಳಿದೆ. ಆ ಐದು ವಾರ ಸುಮಾ ದಿನವೂ ಗರಾಜಿಗೆ ಹೋಗಿ ಬರುತ್ತಿದ್ದಳು. ಫ್ರಿಜ್ಜಿನ ಬಾಗಿಲು ಮುಚ್ಚಿದೆಯೇ ಎಂದು ನೋಡಿಬರಲೋ, ಚೀಲದ ಮೇಲಿನ ನಿಮ್ಮ ಅಕ್ಷರವನ್ನು ನೋಡಿಬರಲೋ, ಯಾರು ಬಲ್ಲರು?

ಡಿಸೆಂಬರ್ ಕೊನೆಯ ವಾರ, ಮಳೆ ನಿಂತ ಮರುದಿನ, ಇಬ್ಬರೂ ಸೇರಿ ನೆಟ್ಟೆವು. ಒಂದು ಗೇಣು ಆಳ, ಮೊನೆ ಮೇಲಕ್ಕೆ, ನೀವು ಮಾಡುತ್ತಿದ್ದಂತೆಯೇ. ನನ್ನ ಮೊಣಕಾಲು ಎರಡು ದಿನ ದೂರಿತು. ಮಾರ್ಚಿನಲ್ಲಿ ಹಿತ್ತಲ ಬೇಲಿಯುದ್ದಕ್ಕೂ ಕೆಂಪು ಹೂಗಳು ಅರಳಿದವು, ದಂಟುಗಳು ಮೊಣಕಾಲೆತ್ತರ. ಐದು ಗಿಡಗಳು ಮಾತ್ರ ಎಲೆಯನ್ನಷ್ಟೇ ಬಿಟ್ಟು ಸುಮ್ಮನಾದವು. ಆ ಐದೂ ನನ್ನ ಸೇಬಿನ ಪಾಲು. ನೀವು ಹೇಳಿದ್ದು ಸರಿ, ನಾನು ನಂಬದಿದ್ದದ್ದು ತಪ್ಪು. ಇದನ್ನು ನಿಮ್ಮೆದುರಿಗೇ ಹೇಳಿದ್ದರೆ ಎಷ್ಟು ನಗುತ್ತಿದ್ದಿರೋ!

ಈಗ ನೀವು ಕೇಳದಿರುವ ಸುದ್ದಿ. ಈ ಊರಿನಲ್ಲಿ ಒಮ್ಮೆ ಹೂ ಕೊಟ್ಟ ಗಡ್ಡೆ ಮರುವರ್ಷ ಕೊಡುವುದನ್ನು ನಂಬುವಂತಿಲ್ಲವಲ್ಲ. ಹಾಗಾಗಿ ಹೋದ ವಾರ ಸುಮಾ ತಾನಾಗಿಯೇ ಹೊಸ ಚೀಲವನ್ನು ತಂದಳು. ಗರಾಜಿನಿಂದ ಕೂಗು ಕೇಳಿಸಿತು: “ರೀ ಅತ್ತೆ, ನಿಮ್ಮ ಸೇಬೆಲ್ಲ ಹೊರಗಿಟ್ಟಿದ್ದೀನಿ. ಜಗಳಕ್ಕೆ ಬರ್ಬೇಡಿ ಮತ್ತೆ!”

ದನಿ ನಿಮ್ಮದೇ.

ಮುಂದಿನ ತಿಂಗಳು ನಿಮ್ಮ ವರ್ಷಾಬ್ದಿಕ. ಮತ್ತೆ ಹಣ್ಣುಗಳು ಬರುತ್ತವೆ. ಸೇಬುಗಳಿಗೆ ನನ್ನ ಕೋಣೆಯ ಕಿಟಕಿಯ ಕೆಳಗೆ ಈಗಾಗಲೇ ಜಾಗ ಮಾಡಿದ್ದೇನೆ. ಗರಾಜಿನ ಫ್ರಿಜ್ ಇನ್ನು ನಿಮ್ಮದು, ಬೀಗಿತ್ತಿಯವರೇ, ವಾದವಿಲ್ಲ.